ಮುಖ ಬಾರದ ಫೋಟೋ

ಏಳು ತಿಂಗಳು ತುಂಬುತ್ತಲೇ ಹುಟ್ಟಿದ ನನ್ನ ಅಕ್ಕನ ಮಗಳ ಕಣ್ಣನ್ನು ತಿಂಗಳೊಳಗೆ ಪರೀಕ್ಷಿಸಬೇಕೆಂದು ಒಂದು ಮಾತೂ ಹೇಳದೆ ಮನೆಗೆ ಕಳಿಸಿದ ಆಸ್ಪತ್ರೆಯ ಆಡಳಿತದವರೇ, ಅದನ್ನು ಮರೆವೆನ್ನಲು ನಾನು ಸಿದ್ಧಳಿಲ್ಲ, ಅದು ಕರ್ತವ್ಯಲೋಪ.

ಟೋಪಿ ತೊಡಿಸಿ, ಬೆಚ್ಚಗಿಡಿ ಎಂದಿರಿ. ಅದನ್ನು ಯಲ್ದೂರಿನ ನಮ್ಮ ಮನೆ ಅಗತ್ಯಕ್ಕಿಂತ ಹೆಚ್ಚು ಶ್ರದ್ಧೆಯಿಂದ ಪಾಲಿಸಿತು. ಬೇಗ ಕಿತ್ತ ಕಾಯಿಯೂ ಹುಲ್ಲಿನಲ್ಲಿಟ್ಟರೆ ಮಾಗುತ್ತದೆ ಎಂದು ಮಾವಿನ ವ್ಯಾಪಾರದ ಸೋದರಮಾವ ಧೈರ್ಯ ಹೇಳಿದರು. ಅಜ್ಜಿ ಕಿಟಕಿಗಳನ್ನೆಲ್ಲ ಮುಚ್ಚಿಸಿ ಮಗುವನ್ನು ಎಷ್ಟು ಬಟ್ಟೆಯಲ್ಲಿ ಸುತ್ತಿದಳೆಂದರೆ, ಹಾಲೂಡಿಸುವಾಗ ಅಕ್ಕ ಮೊದಲು ಬಾಯಿಯನ್ನು ಹುಡುಕಬೇಕಾಗಿತ್ತು.

ಒಂದೂವರೆ ತಿಂಗಳ ಲಸಿಕೆ ಹಾಕಿಸಲು ಶ್ರೀನಿವಾಸಪುರದಲ್ಲಿ ಕೋಲಾರದ ಬಸ್ಸು ಹತ್ತಿದೆವು. ಪಕ್ಕದ ಸೀಟಿನಲ್ಲಿ ಬುರ್ಖಾ ತೊಟ್ಟ ತಾಯಿಯೊಬ್ಬಳ ಮಡಿಲಲ್ಲಿ ದಪ್ಪ ಕನ್ನಡಕದ ಪುಟ್ಟ ಹುಡುಗನಿದ್ದ. ಇಷ್ಟು ಚಿಕ್ಕವನು ಓದುವುದೇನಿದೆ ಎಂದು ಅಜ್ಜಿ ನಕ್ಕಳು. ಆಕೆ ನಗಲಿಲ್ಲ, ನಮ್ಮ ಮಗು ಎಷ್ಟು ತಿಂಗಳಿಗೆ ಹುಟ್ಟಿತೆಂದು ಕೇಳಿದಳು. ಅವನೂ ತಿಂಗಳು ತುಂಬದೆ ಹುಟ್ಟಿದವನಂತೆ. ಒಂದು ಕಣ್ಣು ಉಳಿಯಲಿಲ್ಲವಂತೆ.

“ಇವತ್ತೇ ಕಣ್ಣಿನ ಡಾಕ್ಟ್ರಿಗೆ ತೋರ್ಸಿ ಅಮ್ಮಾ. ನಮ್ಗೆ ಯಾರೂ ಹೇಳ್ಲಿಲ್ಲ.”

ಲಸಿಕೆಗೆ ಹೊರಟವರು ನೇರ ಕಣ್ಣಾಸ್ಪತ್ರೆ ಸೇರಿದೆವು. ಕಣ್ಣಿನ ಹಿಂಭಾಗದ ಪರದೆಯ ಮೇಲೆ ರಕ್ತನಾಳಗಳು ಹರಡಿ ಮುಗಿಯುವುದು ಗರ್ಭದ ಕೊನೆಯ ವಾರಗಳಲ್ಲಿ. ಮೊದಲೇ ಹುಟ್ಟಿದ ಮಗುವಿನಲ್ಲಿ ಅವು ದಾರಿ ತಪ್ಪಿ ಬೆಳೆದು ಪರದೆಯನ್ನೇ ಎಳೆದು ಕಿತ್ತುಬಿಡಬಹುದು ಎಂದು ವೈದ್ಯೆ ವಿವರಿಸಿದರು. ಕಣ್ಣೊಳಗಿನ ಫೋಟೋ ಬೇಕೆಂದರು.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. “ಇನ್ನೂ ನಾಮಕರಣ ಆಗಿಲ್ಲ. ಈಗ್ಲೇ ಫೋಟೋ ತೆಗೆದ್ರೆ ಮಗೀಗೆ ಆಯಸ್ಸು ಕಮ್ಮಿ ಆಗ್ತದೆ.”

ನನ್ನ ಸ್ನಾತಕೋತ್ತರ ಪದವಿಯ ವಾದಗಳೆಲ್ಲ ಆ ಹೊಸ್ತಿಲಲ್ಲೇ ಸೋತವು. ಕೊನೆಗೆ ವೈದ್ಯೆ ಬೇರೊಂದು ಮಗುವಿನ ಕಣ್ಣಿನ ಚಿತ್ರ ತೋರಿಸಿದರು: ಕಿತ್ತಳೆ ಬಣ್ಣದ ದುಂಡು, ಅದರ ತುಂಬ ಕೆಂಪು ಬೇರು. ಅಜ್ಜಿ ಬಹಳ ಹೊತ್ತು ನೋಡಿದಳು.

“ಇದ್ರಲ್ಲಿ ಮುಖ ಬರಲ್ವಾ?”

“ಬರಲ್ಲ ಅಜ್ಜಿ.”

“ಹಂಗಾದ್ರೆ ತೆಗೀರಿ. ಮೂಗೇನಾದ್ರೂ ಬಂದ್ರೆ ಅಳಿಸ್ಬಿಡ್ಬೇಕು.”

ಮಗುವಿನ ಕಾಡಿಗೆಯನ್ನು ತಾನೇ ಸೆರಗಿನಿಂದ ಒರೆಸಿಕೊಟ್ಟಳು.

ನಾಳಗಳು ಆಗಲೇ ದಾರಿ ತಪ್ಪಿದ್ದವು. ಅದೇ ವಾರ ಲೇಸರ್ ಚಿಕಿತ್ಸೆಯಾಯಿತು. ಇನ್ನಷ್ಟು ತಡವಾಗಿದ್ದರೆ ದೃಷ್ಟಿ ಉಳಿಯುತ್ತಿರಲಿಲ್ಲವೆಂದರು. ಈಗ ಅವಳು ಅಜ್ಜಿಯ ಮೂಗುತಿಗೆ ಗುರಿ ತಪ್ಪದೆ ಕೈ ಹಾಕುತ್ತಾಳೆ. ಅಜ್ಜಿ ನೋವಿಗೆ ಬೈಯುತ್ತಾಳೆ, ಮತ್ತೆ ಮುಖ ಒಡ್ಡುತ್ತಾಳೆ.

ಆದರೆ ನಮಗೆ ಹೇಳಬೇಕಾದವರು ನೀವು, ಹೇಳಿದ್ದು ಬಸ್ಸಿನ ಸಹಪ್ರಯಾಣಿಕಳು. ಏಕೆ ಹೀಗಾಯಿತೆಂದು ಲಿಖಿತವಾಗಿ ಉತ್ತರಿಸಿ. ಅವಧಿಗೆ ಮುನ್ನ ಹುಟ್ಟಿದ ಯಾವ ಮಗುವನ್ನೂ, ಕಣ್ಣಿನ ಪರೀಕ್ಷೆ ಯಾವಾಗ, ಎಲ್ಲಿ ಎಂಬುದನ್ನು ತಾಯಿಗೆ ಅರ್ಥವಾಗುವ ಮಾತಿನಲ್ಲೇ ತಿಳಿಸದೆ ಮನೆಗೆ ಕಳಿಸದಂತೆ ಕೂಡಲೇ ಕ್ರಮ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.