ಹಗ್ಗದ ಮೇಲ್ತುದಿ

ಹರದನಹಳ್ಳಿಯ ಮೂಗಯ್ಯ ಬಾವಿ ತೋಡುವವನು. ನಮ್ಮ ಸೀಮೆಯಲ್ಲಿ ಅವನು ಇಳಿಯದ ಬಾವಿ ಇಲ್ಲ. ಇಳಿಯುವ ಮುಂಚೆ ಒಂದು ತುತ್ತೂ ತಿನ್ನುತ್ತಿರಲಿಲ್ಲ. ಹಗ್ಗವನ್ನು ಸೊಂಟಕ್ಕೆ ಬಿಗಿದು, ಮೇಲ್ತುದಿ ಹಿಡಿದವನ ಮುಖವನ್ನು ಒಮ್ಮೆ ನೋಡಿ ಇಳಿದುಬಿಡುತ್ತಿದ್ದ. ಒಳಗಿನಿಂದ ಒಂದು ಸಲ ಜಗ್ಗಿದರೆ ‘ಇದ್ದೀಯಾ?’ ಅಂತ. ಮೇಲಿನವನೂ ಒಮ್ಮೆ ಜಗ್ಗಿ ‘ಇದ್ದೀನಿ’ ಅನ್ನಬೇಕು. ಎರಡು ಸಲ ಜಗ್ಗಿದರೆ ‘ಎಳಿ’. ಒಳಗಿನವನು ಹೊರಗೆ ಬರುವ ತನಕ ಮೇಲಿನವನು ಜಾಗ ಬಿಡಕೂಡದು. ಆ ಕಸುಬಿಗೆ ಇರುವುದು ಇದೊಂದೇ ಕಟ್ಟಳೆ.

ಇಂಥ ಮೂಗಯ್ಯ ನಲವತ್ತೈದು ವರ್ಷವಾದರೂ ಒಂದು ಹೊಳೆ ಕಂಡಿರಲಿಲ್ಲ! ಐವತ್ನಾಲ್ಕನೇ ಇಸವಿಯ ಜೂನ್‌ನಲ್ಲಿ ನಾನು, ನನ್ನ ಹೆಂಡತಿ ಗಂಗಾಂಬಿಕೆ, ಅವಳ ಅಕ್ಕ ಮಲ್ಲಾಜಮ್ಮ ಶಿವನಸಮುದ್ರ ನೋಡಲು ಹೊರಟಾಗ ಸಾಮಾನು ಹೊರಲು ಅವನನ್ನು ಕರೆದೆ. ಹೆಗಲಿಗೆ ಬಾವಿ ಹಗ್ಗ ಸುತ್ತಿಕೊಂಡೇ ಬಂದ. “ಕಾವೇರಿಯೊಳಗೂ ಬಾವಿ ತೋಡ್ತೀಯೇನಯ್ಯಾ?” ಅಂದು ಇಡೀ ಬಸ್ಸನ್ನು ನಗಿಸಿದೆ. ನಾನು ಶಂಭುಲಿಂಗಪ್ಪ, ಗುಂಡ್ಲುಪೇಟೆಯ ಅರಿಸಿನದ ವ್ಯಾಪಾರಿ. ಆಗ ನನ್ನ ನಾಲಿಗೆಗೆ ಲಗಾಮು ಇರಲಿಲ್ಲ.

ಜಲಪಾತದ ಕೆಳಗೊಂದು ನಡುಗಡ್ಡೆ. ಬಂಡೆಯ ಮೇಲೆ ಬಂಡೆ, ಸಂದಿಯಲ್ಲಿ ಹಸಿರು ಪೊದೆ, ಗಾಳಿಯಲ್ಲಿ ನೀರಿನ ಹೊಗೆ. ಕಣ್ಣಿಗೆ ಹಬ್ಬ ಅಂದರೆ ಅದೇ. ಹರಿಗೋಲಿನ ಬೋರಯ್ಯ ನಮ್ಮನ್ನು ಎರಡು ಸಲಕ್ಕೆ ದಾಟಿಸಿ, ದಡದ ಹೊಂಗೆಮರದ ಕೆಳಗೆ ಮಲಗಲು ಹೋದ. ಹರಿಗೋಲಿನಲ್ಲಿ ಮೂಗಯ್ಯ ಕಣ್ಣು ಬಿಡಲೇ ಇಲ್ಲ, ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ಅದಕ್ಕೂ ನಕ್ಕೆ.

ಅಡುಗೆಗೆ ನೀರು ಬೇಕು, ಹೊಳೆಯದು ನೋಡಿದರೆ ಕೆಂಪಗಿತ್ತು. ಮೂಗಯ್ಯ ಮರಳಿನಲ್ಲಿ ಗುಂಡಿ ತೋಡಿದ. ನೋಡುತ್ತಿದ್ದ ಹಾಗೇ ತಿಳಿನೀರು ತುಂಬಿ ಬಂತು. ನಾವು ಒಣಸೀಮೆಯವರು. ನೀರು ಉಕ್ಕಿದರೆ ನಮಗೆ ತೋಚುವುದು ಪೂಜೆ! “ಗಂಗವ್ವ ಒಲುದ್ಲು ಕಣಮ್ಮಿ!” ಅಂತ ಮಲ್ಲಾಜಮ್ಮ ತಂಗಿಯನ್ನು ಕರೆದು, ಅರಿಸಿನ ಕುಂಕುಮ ಇಟ್ಟು ಕಾಯಿ ಒಡೆದಳು. ಅಷ್ಟರಲ್ಲಿ ಗುಂಡಿ ಉಕ್ಕಿ ಹರಿದು ಅರಿಸಿನ ತೇಲಿತು.

ಮೂಗಯ್ಯನ ಮುಖ ಬಿಳಿಚಿಕೊಂಡಿತು. “ಇದು ವರತೆ ನೀರಲ್ಲ ಸಾವ್ಕಾರ್ರೆ. ವರತೆ ಇಸ್ಟು ಬ್ಯಾಗ ಏರಕಿಲ್ಲ. ಒಳೆ ಏರ್ತಾ ಅದೆ, ಓಗನ ಬನ್ನಿ.”

“ಅನ್ನ ಬೇಯಲಿ, ಸುಮ್ಮನಿರೋ ಪುಕ್ಕಲ!” ಅಂದೆ. ವೈನಾಡಿನಲ್ಲಿ ಮಳೆ ಹಿಡಿದು ಮೂರು ದಿನವಾಯಿತೆಂದು ಅಲ್ಲಿಂದ ಬಂದ ಗಾಡಿಯವರು ನನ್ನ ಅಂಗಡಿಯಲ್ಲೇ ಹೇಳಿದ್ದರು. ಆ ಮಳೆಗೆ ಕಪಿಲೆ ತುಂಬಿ ಬಂದು ಸೇರಿದರೆ ಕಾವೇರಿ ಬಿಡುತ್ತಾಳೆಯೇ? ಅದು ನನ್ನ ಮಂಡೆಗೆ ಹೊಳೆಯಲಿಲ್ಲ. ಅನ್ನ ಬೇಯುವ ಹೊತ್ತಿಗೆ ನಾವು ಬಂದಿಳಿದಿದ್ದ ಮರಳೇ ಕಾಣುತ್ತಿರಲಿಲ್ಲ.

ಬೋರಯ್ಯ ಕೂಗಿಕೊಂಡು ಹರಿಗೋಲು ತಂದ. “ಮೂರೇ ಜನ! ಇನ್ನೊಂದ್ ಸಲ ಬರಕ್ಕಾಗಕಿಲ್ಲ!”

ಹೆಂಗಸರು ಹತ್ತಿದರು. ಉಳಿದವರು ನಾವಿಬ್ಬರು. ಮೂಗಯ್ಯ ಹಗ್ಗ ಬಿಚ್ಚಿದ. “ಒಬ್ರು ಆ ದಡದಿಂದ ಎಳೀಬೇಕು. ನಾ ಉಳ್ಕತೀನಿ. ಮೇಲ್ತುದಿ ನೀವು ಇಡ್ಕತೀರಾ?” ಅಂದು ನನ್ನ ಮುಖ ನೋಡಿದ.

ನಾನು ತಲೆ ತಗ್ಗಿಸಿದೆ. ಎರಡು ವರ್ಷದ ಹಿಂದೆ ಹರವೆಯ ನನ್ನ ತೋಟದ ಬಾವಿಗೆ ಅವನು ಇಳಿದಾಗ ಮೇಲ್ತುದಿ ಹಿಡಿದವನು ನಾನೇ. ಯಾರೋ ದಲ್ಲಾಳಿ ಬಂದನೆಂದು ಹಗ್ಗವನ್ನು ಗೂಟಕ್ಕೆ ಸುತ್ತಿ ಹರಟೆಗೆ ಹೋದೆ. ಒಳಗೆ ನೆಲದ ನೀರಿನ ಊಟೆ ಒಡೆದು ಗದ್ದದ ತನಕ ಬಂದಿತ್ತು. ಕಾಲ್ಬೆರಳು ಕಿತ್ತುಹೋಗುವಂತೆ ಕಲ್ಲು ಹಿಡಿದು ತಾನೇ ಹತ್ತಿ ಬಂದ. ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

“ಬ್ಯಾಡ ಬುಡಿ,” ಅಂದು ಮೂಗಯ್ಯ ಹಗ್ಗವನ್ನು ನನ್ನ ಸೊಂಟಕ್ಕೆ ಬಿಗಿದ. ಮೇಲ್ತುದಿ ಹಿಡಿದು ಹರಿಗೋಲು ಹತ್ತಿದ. ಈ ಸಲ ಅವನ ಕಣ್ಣು ತೆರೆದೇ ಇತ್ತು.

ಹರಿಗೋಲು ದಡ ಮುಟ್ಟಿತು. ಮೂಗಯ್ಯ ಹೊಂಗೆಮರದ ಹಿಂದೆ ಹೋದ, ಕಾಣದಾದ. ನಾನೊಬ್ಬನೇ. ಅಯ್ಯೋ ಶಿವನೇ, ಅಂಥ ಭಯ ನನ್ನ ಶತ್ರುವಿಗೂ ಬೇಡ! ಜಲಪಾತದ ಮೊರೆತಕ್ಕೆ ನನ್ನ ಕೂಗು ನನಗೇ ಕೇಳಿಸದು. ನೀರು ಮಂಡಿಗೆ ಬಂತು. ಅವನು ಆ ಹಗ್ಗವನ್ನು ಕೈಬಿಟ್ಟರೆ ಕೇಳುವವರು ಯಾರು? ಜಾರಿತು ಅಂದರೆ ಮುಗಿಯಿತು. ನಾನು ಗೂಟಕ್ಕೆ ಸುತ್ತಿ ಹೋದವನಲ್ಲವೇ?

ಒಂದು ಸಲ ಜಗ್ಗಿದೆ. ಏನೂ ಇಲ್ಲ. ಆಮೇಲೆ ಹಗ್ಗ ಒಮ್ಮೆ ಅದುರಿತು. ಇದ್ದೀನಿ.

ನಂಬಿಕೆ ಸಾಲದೆ ಮತ್ತೆ ಜಗ್ಗಿದೆ. ಇದ್ದೀನಿ. ನೀರು ತೊಡೆಗೆ ಬಂತು, ಅಳುತ್ತಾ ಮತ್ತೆ ಜಗ್ಗಿದೆ. ಇದ್ದೀನಿ. ಸೊಂಟ ಮುಳುಗಿದಾಗ ಎರಡು ಸಲ ಜಗ್ಗಿ, ಕಣ್ಣು ಮುಚ್ಚಿ ಹೊಳೆಗೆ ಬಿದ್ದೆ. ಮೂಗು ಬಾಯಿಗೆಲ್ಲ ನೀರು, ಬಂಡೆ ಬಡಿದು ಮಂಡಿ ಒಡೆಯಿತು. ಹಗ್ಗ ಮಾತ್ರ ಸಡಿಲವಾಗಲಿಲ್ಲ.

ದಡದಲ್ಲಿ ಕಣ್ಣು ಬಿಟ್ಟಾಗ ಗಂಗಾಂಬಿಕೆ ನನ್ನ ತಲೆ ಹಿಡಿದು ಅಳುತ್ತಿದ್ದಳು. ಮೂಗಯ್ಯ ಪಕ್ಕದಲ್ಲಿ ಕುಳಿತು ಹಗ್ಗ ಸುತ್ತುತ್ತಿದ್ದ. ಅವನ ಎರಡೂ ಅಂಗೈಯ ಚರ್ಮ ಸುಲಿದು ಹಗ್ಗವೆಲ್ಲ ಕೆಂಪಾಗಿತ್ತು.

“ಮೂಗಯ್ಯ,” ಅಂದೆ, “ಆವತ್ತು ನಮ್ಮ ಬಾವೀಲಿ ಎಷ್ಟು ಸಲ ಜಗ್ಗಿದ್ದೆ?”

ಅವನು ಹಗ್ಗದಿಂದ ಕಣ್ಣು ಎತ್ತಲಿಲ್ಲ. “ಏಳ್ ಸಲ.”

ಎರಡು ವರ್ಷ ಗಂಟಲಲ್ಲೇ ಇದ್ದ ‘ತಪ್ಪಾಯಿತು’ ಆಗ ಹೊರಗೆ ಬಂತು. ಮೂಗಯ್ಯ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ನನ್ನನ್ನು ಎಬ್ಬಿಸಲು ಸುಲಿದ ಕೈ ಚಾಚಿದ.