ತಲಕೋನದಲ್ಲಿ ತಡವಾದ ಊಟ

ತಲಕೋನ ಜಲಪಾತದಡಿಯಿಂದ ಈಚೆ ಬಂದ ನಮ್ಮತ್ತೆ ಕೊರಳು ತಡವಿಕೊಂಡವರೇ ಬಂಡೆಯ ಮೇಲೆ ಕುಸಿದರು. ಶಿವದಾರ ಹರಿದುಹೋಗಿ, ಬೆಳ್ಳಿ ಕರಡಿಗೆ ಸಮೇತ ಇಷ್ಟಲಿಂಗ ಕಾಣೆಯಾಗಿತ್ತು!

"ಲಿಂಗ ಸಿಗೋಗಂಟ ಗುಟುಕು ನೀರೂ ಮುಟ್ಟಾಕಿಲ್ಲ ಕಣಮ್ಮ," ಎಂದುಬಿಟ್ಟರು. ಅವರು ಸಕ್ಕರೆ ಕಾಯಿಲೆಯವರು. ಮಿಂದು ಉಣ್ಣೋಣವೆಂದು ಆಗಲೇ ಮಾತ್ರೆ ನುಂಗಿದ್ದರು; ಇನ್ನು ಉಣ್ಣದಿದ್ದರೆ ಸಕ್ಕರೆ ಇಳಿದು ತಲೆ ತಿರುಗಿ ಬೀಳುವ ಭಯ.

ರಾಷ್ಟ್ರೀಯ ಉದ್ಯಾನ ನೋಡಲು ಹಿಂದೂಪುರದಿಂದ ಬಸ್ಸು ಹೊರಟಾಗಿನಿಂದಲೂ ಎಲ್ಲರನ್ನೂ ಅವಸರಪಡಿಸುತ್ತಿದ್ದ ಗೈಡ್ ಈಗ ಸಿಡುಕುತ್ತಾನೆ ಎಂದುಕೊಂಡೆ. ಆದರೆ ಆತ ಶೂ ಬಿಚ್ಚಿಟ್ಟು ನೀರಿಗಿಳಿದ. ಅವನ ಹಿಂದೆ ಬಸ್ಸಿನವರೆಲ್ಲ ಇಳಿದು ಮರಳು ತಡಕಿದರು. ಎಷ್ಟು ಹುಡುಕಿದರೂ ಸಿಗಲಿಲ್ಲ. ಇತ್ತ ಅತ್ತೆಯ ಕೈ ನಡುಗತೊಡಗಿತ್ತು.

ಬಸ್ಸಿನಲ್ಲಷ್ಟೇ ಪರಿಚಯವಾಗಿದ್ದ ಕಲ್ಯಾಣದುರ್ಗದ ಹೆಂಗಸೊಬ್ಬರು, "ಮದ್ಲು ಈ ಒದ್ದೆ ಸೀರೆ ಬಿಚ್ಚಕ್ಕಾ, ಆಮ್ಯಾಕೆ ಹುಡುಕಾನ," ಎಂದು ಗದರಿ, ಬಂಡೆಯ ಮರೆಯಲ್ಲಿ ಬೇರೆ ಸೀರೆ ಉಡಿಸಿದರು. ಬಿಚ್ಚಿದ ಸೀರೆಯನ್ನು ಕೊಡವಿದಾಗ ನೆರಿಗೆಯೊಳಗಿನಿಂದ ಕರಡಿಗೆ ಟಣ್ಣನೆ ಕಲ್ಲಿನ ಮೇಲೆ ಬಿತ್ತು. ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಗಳಗಳನೆ ಅತ್ತರು. ನನಗೂ ಹೋದ ಜೀವ ಬಂದಂತಾಯಿತು.

ಅವರಿಗೆ ಉಣ್ಣಿಸಿ ತಿರುಗಿ ನೋಡಿದೆ. ಅಷ್ಟು ಹೊತ್ತಾಗಿದ್ದರೂ ಬಸ್ಸಿನವರು ಯಾರೂ ಬುತ್ತಿ ಬಿಚ್ಚಿರಲಿಲ್ಲ. "ಅಮ್ಮ ತಿನ್ನಾರಾ?" ಎಂದು ತೆಲುಗಿನಲ್ಲಿ ಕೇಳಿದ ಗೈಡ್, ನಾನು ಹೌದು, ಉಂಡರು ಎಂದ ಮೇಲೆಯೇ ತನ್ನ ಟಿಫಿನ್ ಬಾಕ್ಸ್ ತೆರೆದ.

ಈಗಲೂ ಊಟಕ್ಕೆ ಕೂತಾಗ ಅತ್ತೆ ಕೊರಳ ಕರಡಿಗೆ ಮುಟ್ಟಿಕೊಂಡು ಕೇಳುತ್ತಾರೆ: "ಆ ಗೈಡಪ್ಪ ಇವತ್ತು ಹೊತ್ತಿಗೆ ಸರಿಯಾಗಿ ಉಂಡಿರ್ತಾನೇನಮ್ಮ?"