ಟಿಪ್ಪು ಕಾಸು ನಮ್ಮದಲ್ಲ ಎಂದ ಬೆರಳು

ಕೊರೊನಾ ಗಲಾಟೆ ಮುಗಿದ ಮರುವರ್ಷ. ನಾನಾಗ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಗೇಜ್ ರೂಮಿನ ಇನ್‌ಚಾರ್ಜ್. ಹೆಸರು ದೊಡ್ಡದು, ಕೆಲಸ ಸರಳ: ಅಳೆಯುವುದು. ನಮ್ಮಲ್ಲಿ ಗಾಡಿಗಳ ವೈರಿಂಗಿಗೆ ಬೇಕಾದ ತಾಮ್ರದ ಟರ್ಮಿನಲ್‌ಗಳು ತಯಾರಾಗುತ್ತವೆ. ಅವುಗಳ ದಪ್ಪ ಸರಿಯಿದೆಯೇ, ದಪ್ಪ ಅಳೆಯುವ ಉಪಕರಣ ಸರಿಯಿದೆಯೇ ಎಂದು ನೋಡುವವಳು ನಾನು. ತುಮಕೂರಿನ ಕಡೆಯಿಂದ ಮದುವೆಯಾಗಿ ಹೊಸೂರಿನ ಅವಲಪಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು, ಅದರಲ್ಲಿ ಹತ್ತೊಂಬತ್ತು ವರ್ಷ ಕೈಯಲ್ಲಿ ಮೈಕ್ರೋಮೀಟರ್. ಸುಳ್ಳು ಹೇಳುವ ಸೂಪರ್‌ವೈಸರ್‌ಗಳನ್ನು ನೋಡಿದ್ದೆ, ಸುಳ್ಳು ಹೇಳುವ ಉಪಕರಣಗಳನ್ನೂ ನೋಡಿದ್ದೆ. ಅಳತೆಯ ವಿಷಯದಲ್ಲಿ ನನಗೆ ಹೊಸದಾಗಿ ಹೇಳಿಕೊಡುವವರು ಯಾರೂ ಇಲ್ಲ ಅಂದುಕೊಂಡಿದ್ದೆ.

ಒಂದು ಗುರುವಾರ ಊಟದ ಬಿಡುವಿನಲ್ಲಿ ಪ್ಲೇಟಿಂಗ್ ಸೆಕ್ಷನ್ನಿನ ನಾಗೇಶ ಬಂದ. ಸಾನಮಾವು ಕಾಡಿನ ಅಂಚಿನ ಹಳ್ಳಿಯವನು. ಮನೆಯಲ್ಲಿ ರಾಗಿ, ಟೊಮೇಟೊ ಬೆಳೆಯುತ್ತಾರೆ, ಇವನು ಬೈಕಿನಲ್ಲಿ ಫ್ಯಾಕ್ಟರಿಗೆ ಬಂದು ಹೋಗುತ್ತಾನೆ. ಕರ್ಚೀಫ್ ಬಿಚ್ಚಿ ಒಂದು ದಪ್ಪನೆಯ ತಾಮ್ರದ ನಾಣ್ಯ ನನ್ನ ಮೇಜಿನ ಮೇಲಿಟ್ಟ. ಒಂದು ಕಡೆ ಆನೆ, ಇನ್ನೊಂದು ಕಡೆ ಪಾರಸಿ ಬರಹ.

"ಅಕ್ಕ, ಇದು ಒರಿಜಿನಲ್ಲಾ ಡೂಪ್ಲಿಕೇಟಾ ನೋಡಿ ಒಂದು ರಿಪೋರ್ಟ್ ಕೊಡಕ್ಕ. ಸೀಲ್ ಇರ್ಬೇಕು."

"ನಿಮ್ಮನೆ ಕಾಸಿಗೆ ಕಂಪನಿ ಸೀಲು. ನನ್ನ ಕೆಲಸ ಕಳೀಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ದೀಯ್ಲಾ?" ಎಂದೆ.

ಅವನು ನಗಲಿಲ್ಲ. ಸ್ಟೂಲಿನ ಮೇಲೆ ಕೂತು ವಿಷಯ ಹೇಳಿದ.

ಅವರ ಮನೆಯಲ್ಲಿ ಒಂದು ಪದ್ಧತಿ. ಆಳುವ ದೊರೆ ಬದಲಾದ ಮೇಲೆ, ಹೊಸ ದೊರೆಯ ಗುರುತಿರುವ ಕಾಸು ಮೊದಲ ಸಲ ಮನೆಗೆ ಬಂದಾಗ ಅದನ್ನು ಖರ್ಚು ಮಾಡುವಂತಿಲ್ಲ. ಹಿರಿಸೊಸೆ ಎತ್ತಿಡಬೇಕು. ಒಬ್ಬ ದೊರೆಗೆ ಒಂದೇ ಕಾಸು. ಎಲೆಅಡಿಕೆ ಚೀಲದ ಹಾಗೆ ಸಾಲಾಗಿ ಸಣ್ಣ ಜೇಬುಗಳನ್ನು ಹೊಲಿದ ಉದ್ದನೆಯ ಬಟ್ಟೆ, ಒಂದೊಂದು ಜೇಬಿನಲ್ಲಿ ಒಬ್ಬೊಬ್ಬ ದೊರೆ. ಸುತ್ತಿದರೆ ಒಂದು ಮುಷ್ಟಿಯಷ್ಟು. ಅದು ಹಿರಿಸೊಸೆಯ ಪೆಟ್ಟಿಗೆಯಲ್ಲಿರುತ್ತದೆ, ಬೀಗದ ಕೈ ಅವಳ ಹತ್ತಿರ. ಯುಗಾದಿಯ ದಿನ ಎಲ್ಲರ ಮುಂದೆ ಸುರುಳಿ ಬಿಚ್ಚಿ, ಮನೆಯ ಹಿರಿಯ ಹೆಂಗಸು ಒಂದೊಂದೇ ಕಾಸು ಎತ್ತಿಕೊಂಡು ದೊರೆಯ ಹೆಸರು ಹೇಳುತ್ತಾಳೆ. ಬರೆದಿಟ್ಟದ್ದು ಎಲ್ಲೂ ಇಲ್ಲ, ಎಲ್ಲ ಬಾಯಲ್ಲೇ.

ನಾಗೇಶನ ಅಜ್ಜಿ ಮುನಿಯಮ್ಮನಿಗೆ ಎರಡೂ ಕಣ್ಣು ಹೋಗಿ ಹತ್ತು ವರ್ಷ. ಬೆರಳಿನಲ್ಲೇ ದೊರೆಗಳನ್ನು ಗುರುತು ಹಿಡಿಯುತ್ತಾಳೆ. ಆ ವರ್ಷದ ಯುಗಾದಿಯಲ್ಲಿ ನಾಲ್ಕನೆಯ ಜೇಬಿನ ಟಿಪ್ಪು ಕಾಸನ್ನು ಹಿಡಿದವಳು ನಿಂತುಬಿಟ್ಟಳಂತೆ. ಉಜ್ಜಿ ನೋಡಿದಳು, ತುಟಿಗೆ ತಾಗಿಸಿ ನೋಡಿದಳು, ಇದು ನಮ್ಮದಲ್ಲ ಎಂದು ಕೆಳಗಿಟ್ಟಳು.

ಪೆಟ್ಟಿಗೆಯ ಬೀಗದ ಕೈ ಇದ್ದದ್ದು ನಾಗೇಶನ ಹೆಂಡತಿ ರತ್ನಳ ಹತ್ತಿರ. ಅತ್ತೆ ತೀರಿಹೋದ ಮೇಲೆ ಸುರುಳಿ ಅವಳಿಗೆ ಬಂದಿತ್ತು. ಅದು ತನ್ನ ಹೆಂಡತಿಗೆ ಬರಬೇಕಿತ್ತು ಎಂದು ನಾಗೇಶನ ಚಿಕ್ಕಪ್ಪ ಗೋಪಾಲಪ್ಪನಿಗೆ ಮೊದಲಿನಿಂದಲೂ ಹೊಟ್ಟೆಯುರಿ. ಈಗ ಅವರಿಗೆ ದಾರಿ ಸಿಕ್ಕಿತು. ಹೋದ ತಿಂಗಳು ರತ್ನ ಕೃಷ್ಣಗಿರಿಯ ತವರಿಗೆ ಹೋಗಿದ್ದಳಲ್ಲ, ಅಸಲಿ ಕಾಸನ್ನು ಅಲ್ಲಿ ಮಾರಿ ನಕಲಿ ತಂದಿಟ್ಟಿದ್ದಾಳೆ ಎಂದರು. ಬರುವ ಭಾನುವಾರ ಅವಳ ಅಪ್ಪನನ್ನು ಕರೆಸಿ, ನಾಲ್ಕು ಜನರ ಮುಂದೆ ಸುರುಳಿ ಕಿತ್ತುಕೊಂಡು, ಮಗಳನ್ನು ಅಪ್ಪನ ಜೊತೆಗೇ ಕಳಿಸುವುದು ಎಂದು ತೀರ್ಮಾನವಾಗಿತ್ತು. ರತ್ನ ಮೂರು ದಿನದಿಂದ ಅನ್ನ ಮುಟ್ಟಿರಲಿಲ್ಲ.

ನಾನು ನಾಣ್ಯವನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಹಳೆಯ ನಾಣ್ಯಗಳ ಬಗ್ಗೆ ನನಗೆ ಏನೂ ಗೊತ್ತಿಲ್ಲ, ಆದರೆ ತಾಮ್ರ ಗೊತ್ತು. ನೂರಾರು ವರ್ಷದ ತಾಮ್ರ ಹೀಗೆ ಗುಲಾಬಿ ಬಣ್ಣಕ್ಕಿರುವುದಿಲ್ಲ. ಮೇಲ್ಮೈ ಪೂರ್ತಿ ಸಣ್ಣಸಣ್ಣ ಗುಳಿ, ಅಂಚುಗಳೆಲ್ಲ ಚಪ್ಪರಿಸಿದ ಪೆಪ್ಪರ್‌ಮೆಂಟಿನ ಹಾಗೆ ನುಣುಪು. ಆನೆಯ ಕಾಲಿನ ಸಂದಿಯಲ್ಲಿ ಮಾತ್ರ ಒಂದು ಚೂರು ಹಳೆಯ ಹಸಿರು ಕಿಲುಬು ಉಳಿದಿತ್ತು. ಇಂಥ ಮುಖ ನನಗೆ ಚೆನ್ನಾಗಿ ಪರಿಚಯ. ನನ್ನ ರಿಜೆಕ್ಟ್ ಟ್ರೇಯಲ್ಲಿ ದಿನಾ ಬಂದು ಬೀಳುತ್ತದೆ.

ಪ್ಲೇಟಿಂಗ್, ಅಂದರೆ ಇನ್ನೊಂದು ಲೋಹದ ಲೇಪ, ಮಾಡುವ ಮುಂಚೆ ತಾಮ್ರದ ಕೊಳೆ ತೆಗೆಯಲು ಆಸಿಡ್ ತೊಟ್ಟಿಯಲ್ಲಿ ಕೆಲವು ಸೆಕೆಂಡ್ ಅದ್ದುತ್ತಾರೆ. ಅದಕ್ಕೆ ಪಿಕ್ಲಿಂಗ್ ಎನ್ನುತ್ತಾರೆ. ಹೊತ್ತು ಮೀರಿದರೆ ಆಸಿಡ್ ಕೊಳೆಯ ಜೊತೆಗೆ ತಾಮ್ರವನ್ನೂ ತಿನ್ನುತ್ತದೆ. ಆ ತೊಟ್ಟಿಯ ಆಪರೇಟರ್ ನನ್ನ ಎದುರಿಗೇ ಕೂತಿದ್ದ.

"ಎಷ್ಟು ಹೊತ್ತು ಅದ್ದಿದ್ದೆ?" ಎಂದೆ.

"ಹತ್ತು ಸೆಕೆಂಡ್ ಅಂತಲೇ ಬುಟ್ಟೆ ಅಕ್ಕ. ಅಷ್ಟ್ರಲ್ಲಿ ಲೈನ್ ಅಲಾರಂ ಹೊಡ್ಕೊಂತು, ಓಡೋಗ್ಬುಟ್ಟೆ. ಕಾಸಿನ ಗ್ಯಾಪಕ ಬರೋ ಹೊತ್ಗೆ ಟೀ ಬೆಲ್ಲಾಗಿತ್ತು."

ನಡೆದದ್ದು ಇಷ್ಟು. ನಾಗೇಶ ಫೋನಿನಲ್ಲಿ ಹಳೆ ನಾಣ್ಯ ಕೂಡಿಡುವವರ ಗುಂಪೊಂದಕ್ಕೆ ಸೇರಿದ್ದ. ಒಬ್ಬೊಬ್ಬ ರಾಜನದೂ ಒಂದೊಂದು ನಾಣ್ಯ ಬೇಕೆಂದು ಜೀವನವಿಡೀ ಹುಡುಕುವವರು ಅವರು. ನಮ್ಮನೆಯಲ್ಲಿ ಅಷ್ಟೂ ಇದೆ ಎಂದು ಇವನಿಗೆ ಜಂಬ. ಟಿಪ್ಪು ಕಾಸಿನ ಫೋಟೊ ಹಾಕಿದರೆ, ಕಿಲುಬಿನಲ್ಲಿ ಏನೂ ಕಾಣುವುದಿಲ್ಲ ಎಂದರಂತೆ. ಹೆಂಡತಿ ತವರಿಗೆ ಹೋದಾಗ ಬೀಗದ ಕೈ ಇಟ್ಟುಹೋದ ಜಾಗ ಇವನಿಗೆ ಗೊತ್ತಿತ್ತು. ಬೇರೆ ಯಾರಾದರೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಪ್ಲೇಟಿಂಗಿನವನಿಗೆ ಹಸಿರು ಕಂಡರೆ ಕೈ ತಾನಾಗಿ ತೊಟ್ಟಿಯ ಕಡೆ ಹೋಗುತ್ತದೆ. ಆಮೇಲೆ ಗುಂಪಿನವರು, ತೊಳೆದು ಹಾಳು ಮಾಡಿದೆ ಎಂದು ಉಗಿದರಂತೆ. ಇವನು ಬಾಯಿ ಮುಚ್ಚಿಕೊಂಡು ಕಾಸನ್ನು ಮತ್ತೆ ಸುರುಳಿಯ ಜೇಬಿಗೆ ಸೇರಿಸಿ ಸುಮ್ಮನಾಗಿದ್ದ.

"ಹೆಂಡ್ತಿ ಮೇಲೆ ಕಳ್ಳತನ ಹೊರಿಸ್ದಾಗ್ಲೂ ಸುಮ್ನಿದ್ಯಾ?" ಎಂದೆ.

ಅದಕ್ಕೇ ತಾನೇ ನಿಮ್ಮ ಹತ್ತಿರ ಬಂದದ್ದು ಎಂದ. ಕಾಸು ಅಸಲಿ ಎಂದು ಸೀಲ್ ಹಾಕಿದ ಕಾಗದ ಸಿಕ್ಕರೆ ರತ್ನ ಪಾರಾಗುತ್ತಾಳೆ. ಅಜ್ಜಿಗೆ ವಯಸ್ಸಾಯಿತು, ಬೆರಳು ಜಡ್ಡುಗಟ್ಟಿದೆ ಎಂದರೆ ಮುಗಿಯಿತು.

ಅಂದರೆ ಹೆಂಡತಿಯನ್ನು ಉಳಿಸಲು ಅಜ್ಜಿಯನ್ನು ರಿಜೆಕ್ಟ್ ಟ್ರೇಗೆ ಹಾಕಬೇಕು. ಕಾಗದ ಕೊಡುವುದಿಲ್ಲ, ನೀನೇ ಬಾಯಿ ಬಿಡು ಎಂದು ಬೈದು ಕಳಿಸಿದೆ. ಆದರೆ ಮಧ್ಯಾಹ್ನವೆಲ್ಲ ತಲೆಯಲ್ಲಿ ಇನ್ನೊಂದು ಹುಳ ಕೊರೆಯುತ್ತಿತ್ತು. ಆಸಿಡ್ ತಿಂದದ್ದು ಹೆಚ್ಚೆಂದರೆ ಒಂದೆರಡು ಕಾಗದದಷ್ಟು ದಪ್ಪ ಇರಬೇಕು. ಅದ್ದುವ ಮುಂಚಿನ ಅಳತೆ ಇಲ್ಲದ್ದರಿಂದ ಎಷ್ಟು ಹೋಯಿತೆಂದು ಖಚಿತವಾಗಿ ಹೇಳಲು ನನ್ನಿಂದಲೂ ಆಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಮುಟ್ಟುವ ಅಜ್ಜಿಗೆ ಅದು ಹೇಗೆ ಗೊತ್ತಾಯಿತು?

ಭಾನುವಾರ ನಾನೂ ಹೋದೆ. ಚೀಲದಲ್ಲಿ ಆರು ತಾಮ್ರದ ವಾಷರ್ ಹಾಕಿಕೊಂಡಿದ್ದೆ. ಒಂದಕ್ಕೊಂದು ಒಂದು ಕಾಗದದಷ್ಟೇ ದಪ್ಪ ವ್ಯತ್ಯಾಸ, ಎರಡು ಮಾತ್ರ ಬೇಕೆಂದೇ ಒಂದೇ ದಪ್ಪದವು. ಜಗಲಿಯ ಮೇಲೆ ಜನ ಸೇರಿದ್ದರು. ರತ್ನಳ ಅಪ್ಪ ಟವೆಲ್ ಮಡಿಸಿ ತೊಡೆಯ ಮೇಲಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ರತ್ನ ಬಾಗಿಲ ಹಿಂದೆ ನಿಂತಿದ್ದಳು. ಕಾಡಿನಿಂದ ಆನೆ ಇಳಿಯುವ ಹೊತ್ತಿಗಿಂತ ಮುಂಚೆ ಮುಗಿಸಿ ಎಂದು ಗೋಪಾಲಪ್ಪ ಎಲ್ಲರನ್ನೂ ಅವಸರ ಮಾಡುತ್ತಿದ್ದರು. ಅಲ್ಲಿ ಸಂಜೆ ಐದರ ಮೇಲೆ ಯಾರೂ ದಾರಿಯಲ್ಲಿ ನಡೆಯುವುದಿಲ್ಲ.

ನಾಗೇಶನ ಫ್ಯಾಕ್ಟರಿಯಲ್ಲಿ ಅಳತೆ ನೋಡುವವಳು ಎಂದು ಹೇಳಿಕೊಂಡು, ನಾನು ಕಾಸುಗಳನ್ನು ನೋಡಬೇಕೆಂದೆ. ಮುನಿಯಮ್ಮ ಸುರುಳಿ ಬಿಚ್ಚಿ, ನನಗಾಗಿ ಒಂದೊಂದೇ ಎತ್ತಿ ಹೇಳಿದಳು. ಬಸವನ ಗುರುತಿನ ಆನೆಗುಂದಿ ರಾಯರು. ಬೇಳೆಯಷ್ಟೇ ಇರುವ ಚಿನ್ನದ ರಣಧೀರ ದೊರೆ. ಹೈದರ್ ನವಾಬರು. ಟಿಪ್ಪುವಿನ ಜೇಬನ್ನು ಮುಟ್ಟದೆ ದಾಟಿದಳು. ಕುಂಪಣಿ. ರಾಣಿ. ಬೊಕ್ಕತಲೆ ದೊರೆ. ಗಡ್ಡದ ದೊರೆ. ಮುಂದಿನ ಜೇಬಿನಿಂದ ಬಂದದ್ದು ಒಂದು ಹುಣಸೆಬೀಜ.

ಇದೇನಮ್ಮ ಎಂದೆ. "ಒಬ್ಬ ದೊರೆ ಬಂದ್ನಂತೆ ಕಣವ್ವ, ಅವನ ಕಾಸು ಊರಿಗೆ ಬರೋಕ್ ಮುಂಚೇನೇ ಇಳಿದೋದ್ನಂತೆ. ಹೊಸೂರಿಂದ ಸುದ್ದಿ ತಂದ್ರು. ಆಳಿದ್ದಂತೂ ಆಳ್ದ, ಜಾಗ ಬೇಕಲ್ಲ ಅವನ್ಗೂ ಅಂತ ನಮ್ಮತ್ತೆ ಬೀಜ ಮಡಗುದ್ಲು."

ಅಲ್ಲೇ ಕೂತು ಫೋನಿನಲ್ಲಿ ಹುಡುಕಿದೆ. ಎಂಟನೆಯ ಎಡ್ವರ್ಡ್. ಒಂದು ವರ್ಷವೂ ತುಂಬುವ ಮುಂಚೆ ಸಿಂಹಾಸನ ಬಿಟ್ಟವನು. ಬ್ರಿಟಿಷ್ ಇಂಡಿಯಾದಲ್ಲಿ ಅವನ ಮುಖದ ನಾಣ್ಯ ಚಲಾವಣೆಗೆ ಬರಲೇ ಇಲ್ಲ. ದುಡ್ಡಿದ್ದವರೂ ತುಂಬಿಸಲಾಗದ ಖಾಲಿ ಜಾಗವನ್ನು ಓದು ಬಾರದ ಹೆಂಗಸೊಬ್ಬಳು ಹುಣಸೆಬೀಜದಿಂದ ತುಂಬಿಸಿದ್ದಳು. ಅದರ ಮುಂದೆ ಗಡ್ಡವಿಲ್ಲದ ದೊರೆ, ಕೊನೆಗೆ ಸ್ವಾತಂತ್ರ್ಯ ಬಂದ ಮೇಲಿನ ಸಿಂಹಗಳ ಕಾಸು. ಅದಾದ ಮೇಲೆ ಏಕೆ ಇಟ್ಟಿಲ್ಲ ಎಂದಾಗ, ಈಗ ಆಳುವವರು ನಾವೇ ಅಂತಲ್ಲ, ಯಾರ ಮುಖ ಇಡೋದು ಎಂದು ನಕ್ಕಳು.

ಆಮೇಲೆ ವಾಷರ್‌ಗಳನ್ನು ಅವಳ ಮಡಿಲಿಗೆ ಹಾಕಿ, ತೆಳ್ಳಗಿನಿಂದ ದಪ್ಪಕ್ಕೆ ಸಾಲಾಗಿ ಇಡಲು ಹೇಳಿದೆ. ನಮ್ಮ ಕೆಲಸದಲ್ಲಿ ಯಾವ ಅಳತೆಯನ್ನೂ ನಂಬುವ ಮೊದಲು ಅಳೆಯುವ ಉಪಕರಣವನ್ನು ಪರೀಕ್ಷಿಸುತ್ತೇವೆ. ಒಂದೇ ವಸ್ತುವನ್ನು ಮೂರು ಸಲ ಅಳೆಸಿದರೆ ಮೂರು ಸಲವೂ ಒಂದೇ ಉತ್ತರ ಬರಬೇಕು. ಮುನಿಯಮ್ಮ ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದನ್ನೇ ಹಿಡಿದು ಸಾಲಿಟ್ಟಳು. ಸರಿಯಿತ್ತು. ಕಲಸಿ ಮತ್ತೆ ಕೊಟ್ಟೆ. ಮತ್ತೆ ಸರಿ. ಮೂರನೆಯ ಸಲ ಎರಡು ವಾಷರ್‌ಗಳನ್ನು ನನ್ನ ಕೈಗೇ ಇಟ್ಟು, "ಇವೆರಡೂ ಅವಳಿ ಕಣವ್ವ, ನನ್ನ ಯಾಕೆ ಆಟ ಆಡಿಸ್ತೀಯ?" ಎಂದಳು.

ಹತ್ತೊಂಬತ್ತು ವರ್ಷದಲ್ಲಿ ಹೊಸ ಇನ್‌ಸ್ಪೆಕ್ಟರ್‌ಗಳಿಗೆ ಉಪಕರಣ ಕೊಟ್ಟು ಇದೇ ಪರೀಕ್ಷೆ ಮಾಡಿಸಿದ್ದೇನೆ. ಅದರಲ್ಲೂ ತಪ್ಪುವವರಿದ್ದಾರೆ. ಅಜ್ಜಿಯ ಬೆರಳು ತಪ್ಪುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ಗೋಪಾಲಪ್ಪ ಇದನ್ನೇ ಹಿಡಿದುಕೊಂಡರು. "ನೋಡುದ್ರಲ್ಲ, ಫ್ಯಾಕ್ಟರಿ ಮೇಡಮ್ಮೇ ಒಪ್ಕೊಂಡ್ರು. ನಮ್ಮವ್ವನ ಬೆರಳು ಸುಳ್ಳಾಡಲ್ಲ. ಅಲ್ಲಿಗೆ ಕಾಸು ಬದಲಾಗಿರೋದು ನಿಜ. ಬೀಗ್ರೇ, ಮಗಳ ಬಟ್ಟೆ ಕಟ್ಟುಸಿ."

ಬಾಗಿಲ ಹಿಂದೆ ಬಳೆಯ ಸದ್ದಾಯಿತು. ನಾನು ಮಾಡಿದ ಪರೀಕ್ಷೆ ಆ ಹುಡುಗಿಯ ಕುತ್ತಿಗೆಗೇ ಬಂದಿತ್ತು. ನಾನು ನಾಗೇಶನನ್ನು ನೋಡಿದೆ. ಇವನು ಇನ್ನು ಎರಡು ಉಸಿರು ಸುಮ್ಮನಿದ್ದರೆ ನಾನೇ ಹೇಳಿಬಿಡುವುದು ಎಂದು ಗಟ್ಟಿ ಮಾಡಿಕೊಂಡೆ.

ಅವನು ಎದ್ದ. "ಕಾಸು ಬದಲಾಗಿಲ್ಲ ಚಿಕ್ಕಪ್ಪ. ನಾನೇ ಫ್ಯಾಕ್ಟರಿಗೆ ತಕೊಂಡೋಗಿ ಆಸಿಡ್‌ಗೆ ಹಾಕ್ದೆ. ಅವಳ್ಗೆ ಗೊತ್ತೇ ಇಲ್ಲ." ಫೋನ್ ತೆಗೆದು ಗುಂಪಿಗೆ ಹಾಕಿದ್ದ ಎರಡೂ ಫೋಟೊಗಳನ್ನು, ಕಿಲುಬಿದ್ದಾಗಿನದು ಮತ್ತು ಅದ್ದಿದ ಮೇಲಿನದು, ರತ್ನಳ ಅಪ್ಪನಿಗೆ ತೋರಿಸಿದ.

ಫೋಟೊ ಯಾರದಾದರೂ ಇರಬಹುದು ಎಂದು ಗೋಪಾಲಪ್ಪ ರಾಗ ತೆಗೆದರು. ಅಷ್ಟರಲ್ಲಿ ಮುನಿಯಮ್ಮ ಕೈ ಚಾಚಿದ್ದಳು. ನಾಗೇಶನಿಂದ ಟಿಪ್ಪು ಕಾಸು ಇಸಿದುಕೊಂಡು ಅವಳ ಕೈಯಲ್ಲಿಟ್ಟೆ. ಈ ಸಲ ಅವಳು ಬೆರಳಿನಿಂದ ಉಜ್ಜಲಿಲ್ಲ, ಉಗುರಿನ ತುದಿಯನ್ನು ಅಂಚಿನ ಸುತ್ತ ನಿಧಾನಕ್ಕೆ ಓಡಿಸಿದಳು. ಆನೆಯ ಬಾಲದ ಹಿಂದೆ ಒಂದು ಕಡೆ ಉಗುರು ನಿಂತಿತು. ಅಲ್ಲಿ ಒಂದು ಕಚ್ಚು ಇತ್ತು, ಯಾವ ಕಾಲದಲ್ಲೋ ಕುಡುಗೋಲು ತಾಗಿದ್ದಂತೆ. ಆಸಿಡ್ ಅದನ್ನು ತೇಯ್ದು ಹೆಚ್ಚು ಕಮ್ಮಿ ಅಳಿಸಿತ್ತು. ಮೈಕ್ರೋಸ್ಕೋಪಿನಲ್ಲಿ ನೋಡಿದ ನನಗೇ ಅದು ಕಂಡಿರಲಿಲ್ಲ.

"ಮೂಳೆ ನಮ್ದೇಯ," ಎಂದಳು. "ತೊಗಲು ಹೋಗೈತೆ, ಅಷ್ಟೆ." ಆಮೇಲೆ ರತ್ನಳನ್ನು ಹೆಸರು ಹಿಡಿದು ಕರೆದು, ಎಲ್ಲರ ಮುಂದೆ ಕಾಸನ್ನು ಅವಳ ಅಂಗೈಗೆ ಒತ್ತಿ ಜೇಬಿಗೆ ಹಾಕಿಸಿದಳು. ನೀನು ಕದ್ದೆ ಅಂತ ನಾನು ಅಂದಿಲ್ಲ ಮಗ, ನಮ್ಮದಲ್ಲ ಅಂದದ್ದು ತಪ್ಪಾಯಿತು ಎಂದಳು. ರತ್ನ ಅಳಲಿಲ್ಲ, ಸುರುಳಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಗೋಪಾಲಪ್ಪ ಗಂಟಲು ಸರಿಮಾಡಿಕೊಂಡು ಎಲ್ಲರಿಗೂ ಕಾಫಿ ಇಡಮ್ಮ ಎಂದರು.

"ಒಲೆ ಅಲ್ಲೈತೆ ಚಿಕ್ಕಮಾವ," ಎಂದಳು ರತ್ನ.

ಕಾಫಿಯನ್ನು ನಾಗೇಶನೇ ಮಾಡಿದ. ಸಕ್ಕರೆ ಜಾಸ್ತಿಯಾಗಿತ್ತು, ಎಲ್ಲರೂ ಕುಡಿದರು.

ಅದಾದ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಮೊದಲೆಲ್ಲ ಲೈನಿನ ಹೆಂಗಸರು, ಅಕ್ಕ, ಈ ಲಾಟಿನ ಮಾಲಿನಲ್ಲಿ ಏನೋ ಸರಿಯಿಲ್ಲ ಎಂದರೆ ನಂಬರ್ ತೋರಿಸು ಎನ್ನುತ್ತಿದ್ದೆ. ನಂಬರ್ ಸರಿಯಿದ್ದರೆ ವಾಪಸ್ ಕಳಿಸುತ್ತಿದ್ದೆ. ಈಗ ಮೊದಲು ಅವರ ಕೈಗೆ ಪೀಸ್ ಕೊಟ್ಟು, ಎಲ್ಲಿ ಸರಿಯಿಲ್ಲ, ಮುಟ್ಟಿ ತೋರಿಸು ಎನ್ನುತ್ತೇನೆ. ಮೈಕ್ರೋಮೀಟರ್ ಆಮೇಲೆ. ಎಷ್ಟೋ ಸಲ ಅವರು ತೋರಿಸಿದ ಜಾಗದಲ್ಲೇ ತಪ್ಪು ಸಿಕ್ಕಿದೆ. ಇನ್ನೊಂದನ್ನೂ ಕಲಿತೆ. ಅಳತೆ ಸರಿಯಿದ್ದ ಮಾತ್ರಕ್ಕೆ ತೀರ್ಪು ಸರಿಯಿರುವುದಿಲ್ಲ. ಅಜ್ಜಿಯ ಬೆರಳು ಹೇಳಿದ್ದು ಕಾಸು ಮೊದಲಿನ ಹಾಗಿಲ್ಲ ಎಂದಷ್ಟೇ, ಕಳ್ಳಿಯನ್ನು ಸೇರಿಸಿದವರು ಕಣ್ಣಿದ್ದವರು.

ನನ್ನ ಉಪಕರಣಗಳನ್ನು ವರ್ಷಕ್ಕೊಮ್ಮೆ ಚೆನ್ನೈಗೆ ಕಳಿಸಿ, ಸರಿಯಿದೆ ಎಂದು ಸರ್ಟಿಫಿಕೇಟ್ ತರಿಸುತ್ತೇವೆ. ಮುನಿಯಮ್ಮ ಮದುವೆಯಾಗಿ ಬಂದಾಗಿನಿಂದ ಕಾಸುಗಳನ್ನು ಮುಟ್ಟಿ ನೋಡುವ ಒಂದು ಯುಗಾದಿಯನ್ನೂ ತಪ್ಪಿಸಿಲ್ಲ.